ನಮ್ಮ ಎತ್ತಿಗೆ ಎರಡು ದಿನ ಬಿಡುವು

ನಮ್ಮ ಕುಂದಗೋಳ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ನಮ್ಮ ಮನೆಯ ಎತ್ತುಗಳಿಗೆ ರವಿವಾರವೂ ಬಿಡುವು, ಯಾಕೆಂದರೆ ನಾವು ಕ್ರೈಸ್ತರು. ಹಾಗಂತ ಸೋಮವಾರ ಹೂಡಿದರಾಯಿತು ಎಂದು ನಮ್ಮ ಮಾವನವರು ಒಮ್ಮೆಯೂ ಅನ್ನಲಿಲ್ಲ. "ಊರಾನ ಎತ್ತೆಲ್ಲಾ ನಿಂತಾಗ ನಮ್ಮವಷ್ಟ ದುಡೀಬೇಕೇನು?" ಎನ್ನುತ್ತಿದ್ದರು. ವಾರಕ್ಕೆ ಎರಡು ದಿನ ಗಳೆ ನಿಂತರೆ ಏನಾಗುತ್ತದೆಂಬುದು ಎರೆಭೂಮಿ ಮಾಡುವವರಿಗೆ ಗೊತ್ತು. ಮಳೆಯಾದ ಮೇಲೆ ಈ ಮಣ್ಣು ಕಾಲಿಗೆ ಮೆತ್ತುತ್ತದೆ, ಆಮೇಲೆ ಹದಕ್ಕೆ ಬರುತ್ತದೆ, ಬಿಸಿಲು ಬಿದ್ದರೆ ಅಷ್ಟೇ ಬೇಗ ಹದ ಆರುತ್ತದೆ. ಆ ನಡುವೆಯೇ ಬಿತ್ತಿಗೆ ಮುಗಿಯಬೇಕು.

ಅನೇಕ ಕ್ರೈಸ್ತರ ಮನೆಗಳಲ್ಲಿ ಬಾಗಿಲ ಮೇಲೆ ಬೈಬಲಿನ ಯೆಹೋಶುವನ ಮಾತು ಬರೆಸಿದ ಫಲಕ ಇರುತ್ತದೆ. ಮುಪ್ಪಿನ ಕಾಲಕ್ಕೆ ಅವನು ಇಸ್ರಾಯೇಲರನ್ನು ಶೆಕೆಮಿನಲ್ಲಿ ಕೂಡಿಸಿ, ಯಾರ ಸೇವೆ ಮಾಡುತ್ತೀರಿ ಎಂದು ನೀವೇ ಇವತ್ತು ಆರಿಸಿಕೊಳ್ಳಿರಿ ಅಂದ. ತಾನೂ ತನ್ನ ಮನೆಯವರೂ ಯೆಹೋವನನ್ನೇ ಸೇವಿಸುತ್ತೇವೆಂದೂ ಹೇಳಿದ. ಸೇವೆ ಅಂದಕೂಡಲೇ ನಮಗೆ ಚರ್ಚು, ಗಾಯನ, ಕಾಣಿಕೆ ಕಣ್ಣ ಮುಂದೆ ಬರುತ್ತವೆ. ಯೆಹೋಶುವ ಹೇಳಿದ್ದು ಮನೆಯ ಮಾತು. ಬೈಬಲಿನಲ್ಲಿ ಮನೆ ಅಂದರೆ ಗಂಡ, ಹೆಂಡತಿ, ಮಕ್ಕಳು ಇಷ್ಟೇ ಅಲ್ಲ. ಹತ್ತು ಆಜ್ಞೆಗಳಲ್ಲಿ ವಿಶ್ರಾಂತಿ ದಿನದ ಆಜ್ಞೆಯನ್ನು ಓದಿ ನೋಡಿರಿ: ಆಳು, ದನ, ಊರಲ್ಲಿರುವ ಪರದೇಶಿ, ಎಲ್ಲರಿಗೂ ಅಲ್ಲಿ ಬಿಡುವು ಇದೆ. ಮಾವನವರು ರವಿವಾರ ಎತ್ತು ನಿಲ್ಲಿಸುತ್ತಿದ್ದುದು ಈ ಆಜ್ಞೆಗಾಗಿ.

ಆದರೆ ಅವರು ಅಕ್ಷರ ಹಿಡಿದು ಕೂಡ್ರುವವರಲ್ಲ. ಒಂದು ರವಿವಾರ ನೆರೆಮನೆಯ ವಿಧವೆಯ ಹೆಸರು ಕಣದಲ್ಲಿತ್ತು, ತೆಂಕಣ ದಿಕ್ಕಿಗೆ ಮೋಡ ಕಟ್ಟಿತು. ಹೆಸರಿನ ಬುಡ್ಡಿಗೆ ಮಳೆ ಹೊಡೆದರೆ ಕಾಳು ಕಪ್ಪಾಗುತ್ತದೆ, ಮೊಳಕೆಯೊಡೆಯುತ್ತದೆ, ಪೇಟೆಯಲ್ಲಿ ಕೇಳುವವರಿರುವುದಿಲ್ಲ. ಚರ್ಚಿಗೆ ಹೊರಟಿದ್ದ ನಾವೆಲ್ಲ ತಾಡಪಾಲು ಹೊತ್ತು ಕಣಕ್ಕೆ ಓಡಿದೆವು. ಎತ್ತು ಬಾವಿಗೆ ಬಿದ್ದರೆ ಸಬ್ಬತ್ ದಿನ ಅಂತ ಬಿಟ್ಟುಬಿಡುತ್ತೀರಾ ಎಂದು ಯೇಸುವೇ ಕೇಳಿದ್ದಾನಲ್ಲ. ನಮ್ಮದೇ ಹೊಲದ ಹದ ಆರುವಾಗ ಮಾತ್ರ ಮಾವನವರಿಗೆ ಆ ಬಾವಿ ನೆನಪಾಗುತ್ತಿರಲಿಲ್ಲ. ಅವರ ಭಕ್ತಿಯಲ್ಲಿ ನಾನು ಹೆಚ್ಚು ಗೌರವಿಸುವುದು ಇದನ್ನೇ.

ಈಗ ಬಿತ್ತಲು ಟ್ರ್ಯಾಕ್ಟರ್, ಎಡೆ ಹೊಡೆಯಲಷ್ಟೇ ಎತ್ತು. ಟ್ರ್ಯಾಕ್ಟರಿನ ಸಾಲದ ಕಂತು ಮಗನ ತಲೆಯ ಮೇಲಿದೆ. ಸುಗ್ಗಿಯಲ್ಲಿ ರವಿವಾರವೂ ಬಾಡಿಗೆಗೆ ಕರೆಯುತ್ತಾರೆ. ಅಜ್ಜ ಆರಿಸಿದ್ದು ಮೊಮ್ಮಗನ ಲೆಕ್ಕಕ್ಕೆ ಜಮೆಯಾಗುವುದಿಲ್ಲ, ಅವನದನ್ನು ಅವನೇ ಆರಿಸಬೇಕು. ನಾನು ಒತ್ತಾಯ ಮಾಡಲಿಲ್ಲ. ರವಿವಾರ ಬರುವುದಿಲ್ಲವೆಂದು ಅವನೇ ಗಿರಾಕಿಗಳಿಗೆ ಮೊದಲೇ ಹೇಳಿಬಿಟ್ಟಿದ್ದಾನೆ. ಕೆಲವರು ಬೇರೆಯವರ ಹತ್ತಿರ ಹೋದರು.

ನಮ್ಮ ಹಿರಿಯರಿಗೆ ಈ ಆಯ್ಕೆ ಇನ್ನೂ ತುಟ್ಟಿಯಾಗಿತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಆ ಕಾಲಕ್ಕೆ ಕ್ರೈಸ್ತನಾದವನಿಗೆ ಜಾತಿ ಹೋಗುತ್ತಿತ್ತು, ಅದರ ಜೊತೆ ಪಿತ್ರಾರ್ಜಿತ ಆಸ್ತಿಯ ಹಕ್ಕೂ ಹೋಗುವ ಭಯವಿತ್ತು. ಧರ್ಮ ಬದಲಿಸಿದ ಕಾರಣಕ್ಕೆ ಆ ಹಕ್ಕು ಹೋಗಬಾರದೆಂದು ಕಾಯ್ದೆ ಬಂದದ್ದು 1850ರಲ್ಲಿ. ಕಾಯ್ದೆ ಹೊಲವನ್ನು ಉಳಿಸಬಹುದು, ಊರವರ ಬಳಕೆಯನ್ನು ಅಲ್ಲ.

ಆ ಬಳಕೆಯನ್ನು ನಾವೇ ಉಳಿಸಿಕೊಳ್ಳಬೇಕು. ಎಳ್ಳಮಾಸಿಗೆ ಊರೆಲ್ಲ ಹೊಲದಲ್ಲಿ ಪೂಜೆ ಮಾಡಿ ನೈವೇದ್ಯದ ಚರಗ ಚೆಲ್ಲುತ್ತದೆ. ನಾವು ಪೂಜೆ ಮಾಡುವುದಿಲ್ಲ, ಕರೆದವರ ಹೊಲಕ್ಕೆ ಊಟಕ್ಕೆ ಹೋಗುತ್ತೇವೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಉಂಡು ಬರುತ್ತೇವೆ. ಕ್ರಿಸ್‌ಮಸ್ಸಿಗೆ ನಮ್ಮ ಕರಚಿಕಾಯಿ, ಚಕ್ಕುಲಿ ಅವರ ಮನೆಗೆ ಹೋಗುತ್ತವೆ. ನೈವೇದ್ಯದ ಊಟ ಉಣ್ಣಬಹುದೇ ಎಂಬ ಪ್ರಶ್ನೆ ಹೊಸದಲ್ಲ. ಕೊರಿಂಥದ ಸಭೆಗೆ ಪೌಲ ಇದರ ಬಗ್ಗೆಯೇ ಉದ್ದಕ್ಕೆ ಬರೆದ. ಉಣ್ಣದ ಕ್ರೈಸ್ತರೂ ಇದ್ದಾರೆ, ಅವರ ಮನಸ್ಸಾಕ್ಷಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ದೇವರ ಸೇವೆ ನೆರೆಯವರಿಂದ ನಮ್ಮನ್ನು ದೂರ ಮಾಡಬೇಕಾಗಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉತ್ತಂಗಿ ಚನ್ನಪ್ಪನವರಿದ್ದರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ, ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿದರು. 1924ರಲ್ಲಿ ಅವು ಪುಸ್ತಕವಾಗಿ ಬಂದವು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಾದ್ರಿಯ ಉಡುಪು ಅವರಿಗೆ ಸರ್ವಜ್ಞನನ್ನು ಪ್ರೀತಿಸಲು ಅಡ್ಡಿಯಾಗಲಿಲ್ಲ.

ಮನೆಯೊಳಗಿನ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಕಠಿಣವಾದದ್ದು ರೊಕ್ಕದ ವ್ಯವಹಾರ. ಕೂಲಿಯವರ ದುಡ್ಡನ್ನು ರಾತ್ರಿ ಕಳೆಯುವವರೆಗೂ ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಬ್ಯಾಡಗಿ ಪೇಟೆಗೆ ಮಾಲು ಹೋಗಿ ಹಣ ಬರುವ ತನಕ ಕೈ ಖಾಲಿ. ಬಹಳ ಮನೆಗಳಲ್ಲಿ "ಸಂತಿಗೆ ಕೊಡ್ತೀವಿ ಬಿಡವ್ವಾ" ಎಂದು ಕಳಿಸುತ್ತಾರೆ. ನಮ್ಮ ಅತ್ತೆ ಹಾಗಲ್ಲ. ಹೆಸರು ಮಾರಿದ ರೊಕ್ಕದಲ್ಲಿ ಮೆಣಸಿನಕಾಯಿಯ ಕೂಲಿಯನ್ನು ಮೊದಲೇ ಬೇರೆ ಮಾಡಿ, ಅಡುಗೆಮನೆಯ ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದರು. ಹೊತ್ತು ಮುಳುಗಿ ಹೆಣ್ಣುಮಕ್ಕಳು ಹೊಲದಿಂದ ಬಂದರೆ ಮೊದಲು ಚಹಾ, ಆಮೇಲೆ ಡಬ್ಬಿ. ತೂಕ ಬರಲೆಂದು ಕಾಯಿಗೆ ನೀರು ಹೊಡೆಯುವುದನ್ನೂ ಅವರು ಮಾಡಗೊಡಲಿಲ್ಲ.

ಈಗ ಡಬ್ಬಿ ನನ್ನ ಕೈಯಲ್ಲಿದೆ. ಎಳೆಯ ಹುಡುಗಿಯರು ಫೋನ್‌ಪೇ ಮಾಡಿರಿ ಅನ್ನುತ್ತಾರೆ, ವಯಸ್ಸಾದವರಿಗೆ ನೋಟೇ ಬೇಕು. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಪ್ರಾರ್ಥನೆಗೆ ಕೂಡುತ್ತೇವೆ: ಒಂದು ಗೀತೆ, ಒಂದು ಅಧ್ಯಾಯ, ಊರಿನ ಜಡ್ಡಾದವರ ಹೆಸರು. ಯಾರದಾದರೂ ಕೂಲಿ ಬಾಕಿ ಉಳಿದಿದ್ದರೆ ಮಗ ಮೊದಲು ಅವರ ಓಣಿಗೆ ಹೋಗಿ ಕೊಟ್ಟು ಬರಬೇಕು. ಅವನು ಬರುವ ತನಕ ಬೈಬಲ್ ತೆರೆಯುವುದಿಲ್ಲ.