ಗಾಳಿಯಲ್ಲಿ ತೇಲುವ ಗರಿಹುಲ್ಲು

ಹಂಗೇರಿಯ ಜನರು ಒಂದು ಹುಲ್ಲಿಗೆ 'ತಬ್ಬಲಿ ಹುಡುಗಿಯ ಕೂದಲು' ಎಂಬ ಹೆಸರಿಟ್ಟಿದ್ದಾರೆ. ಹಿಂದೆ ಅಲ್ಲಿಯ ಕುರಿಗಾಹಿಗಳು ಅದನ್ನು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅಲ್ಲಿಂದ ಉಕ್ರೇನ್, ರಷ್ಯಗಳವರೆಗಿನ ಬಯಲುಸೀಮೆಗಳಲ್ಲಿ ಬೆಳ್ಳಿಯ ಅಲೆಗಳಂತೆ ಹೊಯ್ದಾಡುವ ಈ ಗರಿಹುಲ್ಲಿಗೆ ಸಸ್ಯಶಾಸ್ತ್ರಜ್ಞರಿತ್ತ ನಾಮ 'ಸ್ಟೈಪ ಪೆನ್ನಾಟ'.

ಇದರ ಗುರುತೆಲ್ಲ ಬೀಜದಲ್ಲಿದೆ. ಒಂದೊಂದಕ್ಕೂ ಸುಮಾರು 30 ಸೆಂಟಿಮೀಟರ್ ಉದ್ದದ ಬಾಲವುಂಟು. ಬಾಲದ ಮೇಲ್ಭಾಗದಲ್ಲಿ ಹಕ್ಕಿಯ ಗರಿಯಂಥ ಬಿಳಿಯ ನವಿರು. ಬುಡ ಬೋಳಾಗಿ, ಹಗ್ಗದಂತೆ ಹುರಿಗೊಂಡಿರುತ್ತದೆ. ಇದರ ಸೋದರಿ 'ಸ್ಟೈಪ ಕ್ಯಾಪಿಲ್ಲಾಟ'ದ ಬಾಲದಲ್ಲಿ ನವಿರೇ ಇಲ್ಲ. ಗರಿಯು ಬೀಜವನ್ನು ಗಾಳಿಯಲ್ಲಿ ಒಯ್ಯುತ್ತದೆ. ನೆಲಕ್ಕಿಳಿದ ಮೇಲೆ ಹುರಿಯು ತೇವಕ್ಕೆ ಬಿಚ್ಚಿಕೊಂಡು, ಒಣಗಿದೊಡನೆ ಸುತ್ತಿಕೊಂಡು, ಬೈರಿಗೆಯಂತೆ ಬೀಜವನ್ನು ಮಣ್ಣಿಗೆ ಕೊರೆದಿಳಿಸುತ್ತದೆ!

ತೋಟದಲ್ಲಿಯೂ ಬೀಜವನ್ನು ಚೂಪಾದ ತುದಿ ಕೆಳಗಾಗುವಂತೆ ಊರಬೇಕು. ತುಂಬು ಬಿಸಿಲು ಮತ್ತು ನೀರು ಬಸಿದುಹೋಗುವ ಮಣ್ಣಿದ್ದರೆ ಸಾಕು, ಗೊಬ್ಬರ ಬೇಕಿಲ್ಲ. ಬುಡದಲ್ಲಿ ನೀರು ನಿಂತರೆ ಕೊಳೆಯುವುದರಿಂದ ಅತಿಮಳೆಯ ಸೀಮೆ ಇದಕ್ಕೆ ಒಗ್ಗದು. ಒಮ್ಮೆ ಬೇರೂರಿತೆಂದರೆ ವರುಷವರುಷವೂ ಅದೇ ಬುಡದಿಂದ ಚಿಗುರುತ್ತದೆ.

ಬರವನ್ನೂ ಹಿಮವನ್ನೂ ತಾಳುವ ಈ ಹುಲ್ಲು ನೇಗಿಲನ್ನು ತಾಳಲಾರದು. ಕಪ್ಪು ಮಣ್ಣಿನ ಆ ಬಯಲುಗಳನ್ನು ಗೋಧಿಗಾಗಿ ಉತ್ತಂತೆಲ್ಲ ಗರಿಹುಲ್ಲಿನ ನೆಲೆ ಕಿರಿದಾಯಿತು. 1898ರಲ್ಲಿ ಫ್ರೀಡ್ರಿಖ್ ಫಾಲ್ಟ್ಸ್-ಫೈನ್ ಎಂಬ ಜಮೀನುದಾರನು ದಕ್ಷಿಣ ಉಕ್ರೇನಿನ ಅಸ್ಕಾನಿಯ-ನೋವದಲ್ಲಿ ಉಳದ ಬಯಲೊಂದನ್ನು ಈ ಕುಲದ ಹುಲ್ಲುಗಳಿಗಾಗಿ ಕಾದಿರಿಸಿದನು. 2022ರಲ್ಲಿ ಯುದ್ಧವು ಅದನ್ನೂ ಬಿಡಲಿಲ್ಲ.

ಬಯಲನ್ನು ಉಳಲು ಒಂದು ದಿನ ಸಾಕು. ಅದು ಮರಳಿ ಬಯಲಾಗಲು ಹಲವು ದಶಕಗಳೇ ಬೇಕು. ಆದುದರಿಂದ ಗರಿಹುಲ್ಲನ್ನು ಬಯಸುವವರು ಬೀಜವನ್ನು ತೋಟಗಾರರಿಂದ ಕೊಳ್ಳಲಿ. ಬಯಲಿನ ಹುಲ್ಲು ಬಯಲಿನಲ್ಲೇ ಇರಲಿ.