ಮರಣಶಾಸನಗಳೂ ದಂಡಿನ ದಾಖಲೆಗಳೂ: ಅಮೆರಿಕದ ವಂಶಶೋಧನೆಯ ಒಂದು ಕ್ರಮ

ತನ್ನ ವಂಶದ ಮೂಲವನ್ನು ತಿಳಿಯಬೇಕೆಂಬ ಆಶೆಯು ಮನುಷ್ಯನಿಗೆ ಸಹಜವಾದುದು. ನಮ್ಮ ನಾಡಿನಲ್ಲಿ ಅಜ್ಜಿಯ ಬಾಯಿಯ ಮಾತು, ಶ್ಯಾನುಭೋಗರ ಕಡತ, ಊರ ಮುಂದಿನ ಕಲ್ಲುಶಾಸನ, ಸಭೆಯ ದೀಕ್ಷಾಸ್ನಾನದ ಪುಸ್ತಕ ಮೊದಲಾದವುಗಳಿಂದ ಮೂರು ನಾಲ್ಕು ತಲೆಗಳ ವಿಷಯವು ತಿಳಿದುಬರುವುದುಂಟು. ಅಮೆರಿಕ ದೇಶದಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಒದಗುವ ಆಧಾರಗಳು ಎರಡು. ಒಂದು, ಮರಣಶಾಸನ ಅಥವಾ ಉಯಿಲು; ಇನ್ನೊಂದು, ದಂಡಿನ ದಾಖಲೆ. ಆ ದೇಶದ ಸ್ವಾತಂತ್ರ್ಯಯುದ್ಧದಲ್ಲಿ (1775-1783) ಸೇವೆ ಮಾಡಿದವನ ಸಂತತಿಯೆನ್ನಿಸಿಕೊಳ್ಳುವುದು ಅಲ್ಲಿ ಬಹು ಗೌರವದ ಸಂಗತಿ. 1890ರಲ್ಲಿ ಸ್ಥಾಪಿತವಾದ ‘ಅಮೆರಿಕ ಕ್ರಾಂತಿಯ ಪುತ್ರಿಯರು’ ಎಂಬ ಸ್ತ್ರೀಯರ ಸಂಘವು, ಇಂಥ ಪೂರ್ವಜನೊಡನೆ ತಮಗಿರುವ ಸಂಬಂಧವನ್ನು ದಾಖಲೆಗಳಿಂದ ಸಿದ್ಧಪಡಿಸಿದವರನ್ನೇ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತದೆ. ಆದರೆ ವೀರನನ್ನು ಹುಡುಕಿಕೊಂಡು ಹೋದವರಿಗೆ ಎಷ್ಟೋ ವೇಳೆ ಅದೇ ಕಾಗದದಲ್ಲಿ ಗುಲಾಮರ ಯಜಮಾನನೂ ಎದುರಾಗುತ್ತಾನೆ. ಆಗ ಮಾಡತಕ್ಕದ್ದೇನು? ಈ ಶೋಧನೆಯ ಕ್ರಮವನ್ನೂ ಅದರಿಂದ ಒದಗುವ ಕರ್ತವ್ಯವನ್ನೂ ವಾಚಕರಿಗೆ ಸ್ವಲ್ಪದರಲ್ಲಿ ತಿಳಿಸುವುದೇ ನಮ್ಮ ಉದ್ದೇಶವು. ಒಂದೊಂದು ಸೀಮೆಯ ಕಾನೂನು ಒಂದೊಂದು ಬಗೆಯಾಗಿದ್ದುದರಿಂದ, ನಾವು ವರ್ಜೀನಿಯ ಸೀಮೆಯನ್ನೇ ಮುಖ್ಯವಾಗಿ ಉದಾಹರಣೆಗೆ ತೆಗೆದುಕೊಂಡಿದ್ದೇವೆ.

ವಂಶಶೋಧನೆಯಲ್ಲಿ ಮೊದಲನೆಯ ನಿಯಮವೇನೆಂದರೆ, ತಿಳಿದವರಿಂದ ಆರಂಭಿಸಿ ತಿಳಿಯದವರ ಕಡೆಗೆ ಒಂದೊಂದೇ ತಲೆಯಾಗಿ ಹಿಂದಕ್ಕೆ ನಡೆಯಬೇಕು. ಯಾವನೋ ಒಬ್ಬ ಪ್ರಸಿದ್ಧ ಪುರುಷನನ್ನು ಮೊದಲೇ ಆರಿಸಿಕೊಂಡು ಅವನಿಂದ ಕೆಳಕ್ಕೆ ಇಳಿಯಲೆತ್ನಿಸಬಾರದು. ಹೀಗೆ ಹಿಂದಕ್ಕೆ ಹೋಗುವಾಗ ಖಾನೇಷುಮಾರಿಯ ಪಟ್ಟಿಗಳು ಕೈದೀಪದಂತೆ ಸಹಾಯಮಾಡುತ್ತವೆ. 1850ರಿಂದೀಚೆಗೆ ಮನೆಯಲ್ಲಿದ್ದ ಸ್ವತಂತ್ರ ಜನರೆಲ್ಲರ ಹೆಸರುಗಳೂ ಬರೆಯಲ್ಪಟ್ಟಿವೆ. ಅದಕ್ಕೆ ಮೊದಲು, ಅಂದರೆ 1790ರ ಪ್ರಥಮ ಗಣತಿಯಿಂದ 1840ರ ವರೆಗೆ, ಮನೆಯ ಯಜಮಾನನ ಹೆಸರು ಮಾತ್ರವೇ ಇದ್ದು, ಉಳಿದವರು ಬರಿಯ ಅಂಕೆಗಳಾಗಿರುವರು. 1790ರಲ್ಲಿ ಆ ದೇಶದ ಜನಸಂಖ್ಯೆಯು ಸುಮಾರು 39 ಲಕ್ಷ. ಅವರಲ್ಲಿ ಸುಮಾರು 7 ಲಕ್ಷ ಜನರು ಗುಲಾಮರು. ಯಜಮಾನನ ಹೆಸರಿನ ಸಾಲಿನ ಕೊನೆಯ ಅಂಕಣದಲ್ಲಿ ಅವರ ಎಣಿಕೆಯುಂಟು, ಹೆಸರಿಲ್ಲ. ವರ್ಜೀನಿಯದ 1790ರ ಮೂಲ ಪಟ್ಟಿಗಳು ಉಳಿದಿಲ್ಲವಾದ ಕಾರಣ, 1782ರಿಂದ 1785ರ ವರೆಗಿನ ಆ ಸೀಮೆಯ ಪಟ್ಟಿಗಳನ್ನು ಅವುಗಳಿಗೆ ಬದಲಾಗಿ ನೋಡಬೇಕಾಗುವುದು.

ಅಂಕೆಗಳು ಮುಗಿದಲ್ಲಿ ಮರಣಶಾಸನವು ಬಾಯಿ ತೆರೆಯುತ್ತದೆ. ಮೃತನು ಬರೆದಿಟ್ಟ ಪತ್ರವನ್ನು ಸಾಕ್ಷಿಗಳು ಕೌಂಟಿಯ ನ್ಯಾಯಸ್ಥಾನದಲ್ಲಿ ಪ್ರಮಾಣಪೂರ್ವಕವಾಗಿ ಸ್ಥಾಪಿಸಿದ ಮೇಲೆ, ಗುಮಾಸ್ತನು ಅದನ್ನು ದೊಡ್ಡ ಪುಸ್ತಕದಲ್ಲಿ ನಕಲು ಮಾಡುತ್ತಿದ್ದನು. ಹೆಂಡತಿಯ ಹೆಸರು, ಗಂಡುಮಕ್ಕಳ ಪಾಲು, ಮದುವೆಯಾದ ಹೆಣ್ಣುಮಕ್ಕಳ ಹೊಸ ಮನೆತನದ ಹೆಸರು, ಅಳಿಯಂದಿರು, ನೆರೆಹೊರೆಯ ಸಾಕ್ಷಿಗಳು ಎಲ್ಲವೂ ಅಲ್ಲಿ ದೊರೆಯುತ್ತವೆ. ಮರಣಶಾಸನದಲ್ಲಿಯೇ ನಿಂತುಬಿಡಬಾರದು. ಅದರ ಬೆನ್ನಿಗೆ, ನ್ಯಾಯಸ್ಥಾನವು ನೇಮಿಸಿದ ಪಂಚರು ಮನೆಯ ಸೊತ್ತುಗಳನ್ನೆಲ್ಲ ಎಣಿಸಿ ಬೆಲೆ ಕಟ್ಟಿದ ಆಸ್ತಿಪಟ್ಟಿಯಿರುತ್ತದೆ. ಹಾಸಿಗೆ, ಹಂಡೆ, ಕುದುರೆ, ಹಸು, ಇವುಗಳ ನಡುವೆ ಮನುಷ್ಯರ ಹೆಸರುಗಳೂ, ಒಬ್ಬೊಬ್ಬರ ಎದುರಿಗೆ ಇಷ್ಟು ಪೌಂಡೆಂಬ ಬೆಲೆಯೂ ಕಾಣುವುವು. ವರ್ಜೀನಿಯದಲ್ಲಿ 1705ರ ಕಾನೂನು ಗುಲಾಮರನ್ನು ಹೊಲಗದ್ದೆಗಳಂತೆ ಸ್ಥಿರಾಸ್ತಿಯೆಂದೆಣಿಸಿದ್ದುದರಿಂದ, ಕ್ರಯಪತ್ರ ದಾನಪತ್ರಗಳ ಪುಸ್ತಕಗಳನ್ನೂ ತಪ್ಪದೆ ನೋಡಬೇಕು.

ಲೋಕಪ್ರಸಿದ್ಧವಾದ ಒಂದು ಮನೆತನದ ಕಾಗದಗಳಿಂದ ಇದನ್ನು ಸ್ಪಷ್ಟಪಡಿಸುವೆವು. ಜಾರ್ಜ್ ವಾಷಿಂಗ್ಟನ್ನನ ತಂದೆಯಾದ ಆಗಸ್ಟಿನ್ ವಾಷಿಂಗ್ಟನ್ನನು 1743ರಲ್ಲಿ ತೀರಿಹೋದಾಗ, 11 ವರುಷದ ಬಾಲಕನಾದ ಜಾರ್ಜನಿಗೆ ತಂದೆಯ ಮರಣಶಾಸನದ ಪ್ರಕಾರ ಒಂದು ಜಮೀನೂ ಹತ್ತು ಮಂದಿ ಗುಲಾಮರೂ ಬಂದರು. ಮುಂದೆ ಅವನ ಕೈಹಿಡಿದ ಮಾರ್ಥಳ ಮೊದಲನೆಯ ಗಂಡನಾದ ಡೇನಿಯಲ್ ಪಾರ್ಕ್ ಕಸ್ಟಿಸನು ಮರಣಶಾಸನವಿಲ್ಲದೆ 1757ರಲ್ಲಿ ಮೃತನಾದನು. ಅಂಥ ಸಂದರ್ಭದಲ್ಲಿ ಆಸ್ತಿಯ ಮೂರನೆಯ ಒಂದು ಭಾಗವನ್ನು ವಿಧವೆಯು ಜೀವಾವಧಿ ಅನುಭವಿಸಬಹುದು. ಅವಳ ತರುವಾಯ ಅದು ಮೊದಲನೆಯ ಗಂಡನ ವಾರಸುದಾರರಿಗೆ ಸೇರತಕ್ಕದ್ದು. 1799ರಲ್ಲಿ ವಾಷಿಂಗ್ಟನ್ನನು ತನ್ನ ಮೌಂಟ್ ವರ್ನನ್ ಎಸ್ಟೇಟಿನ ಗುಲಾಮರ ಪಟ್ಟಿಯನ್ನು ತಾನೇ ಬರೆದನು. ಅಲ್ಲಿದ್ದ 317 ಜನರಲ್ಲಿ 123 ಮಂದಿ ಅವನ ಸ್ವಂತಕ್ಕೆ ಸೇರಿದವರು. 153 ಮಂದಿ ಕಸ್ಟಿಸ್ ಮನೆತನದ ವಿಧವಾಭಾಗಕ್ಕೆ ಸೇರಿದವರು. ಉಳಿದವರು ಇತರರಿಂದ ಬಾಡಿಗೆಗೆ ಬಂದವರು. ಅದೇ ವರುಷದ ಜುಲೈ 9ರಂದು ತಾನೇ ಬರೆದ ಮರಣಶಾಸನದಲ್ಲಿ, ಪತ್ನಿಯ ಕಾಲಾನಂತರ ತನ್ನ ಸ್ವಂತ ಗುಲಾಮರೆಲ್ಲರೂ ಬಿಡುಗಡೆ ಹೊಂದಬೇಕೆಂದು ವಿಧಿಸಿದನು. ಮಾರ್ಥಳು ಅಷ್ಟು ಕಾಲ ತಡೆಯದೆ 1801ರ ಜನವರಿ 1ರಂದೇ ಅವರನ್ನು ಬಿಡುಗಡೆಮಾಡಿದಳು. ಆದರೆ ವಿಧವಾಭಾಗದವರನ್ನು ಬಿಡಿಸುವ ಅಧಿಕಾರವು ಇಬ್ಬರಿಗೂ ಇರಲಿಲ್ಲ. ಎಸ್ಟೇಟಿನಲ್ಲಿ ಗಂಡನು ಒಂದು ಪಟ್ಟಿಯಲ್ಲಿ, ಹೆಂಡತಿ ಮಕ್ಕಳು ಇನ್ನೊಂದು ಪಟ್ಟಿಯಲ್ಲಿ ಇದ್ದ ಸಂಸಾರಗಳು ಅನೇಕವಿದ್ದುವು. 1802ರಲ್ಲಿ ಮಾರ್ಥಳು ತೀರಿಹೋದ ಮೇಲೆ ವಿಧವಾಭಾಗದವರು ಆಕೆಯ ನಾಲ್ವರು ಮೊಮ್ಮಕ್ಕಳಿಗೆ ಹಂಚಿಹೋದರು. ಒಂದು ಮರಣಶಾಸನವು ಇದ್ದುದರಿಂದಲೂ ಇನ್ನೊಂದು ಇಲ್ಲದುದರಿಂದಲೂ ಒಂದೇ ಸಂಸಾರದವರು ಹೇಗೆ ಬೇರೆಬೇರೆ ಗತಿಯನ್ನು ಹೊಂದಿದರೆಂಬುದು ಇದರಿಂದ ವಿಶದವಾಗುವುದು.

ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಮಗುವು ತಾಯಿಯ ಸ್ಥಿತಿಯನ್ನೇ ಅನುಸರಿಸತಕ್ಕದ್ದೆಂದು ವರ್ಜೀನಿಯದ ಶಾಸನಸಭೆಯು 1662ರಲ್ಲಿ ಕಾನೂನು ಮಾಡಿತು. ತಂದೆಯು ಯಾರೇ ಆಗಿರಲಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮನೇ. ಆದಕಾರಣ ಮರಣಶಾಸನಗಳಲ್ಲಿ ‘ಈ ಹೆಂಗಸೂ ಇವಳಿಗೆ ಮುಂದೆ ಹುಟ್ಟುವ ಸಂತಾನವೂ’ ಎಂಬ ಅರ್ಥದ ಮಾತು ಮತ್ತೆ ಮತ್ತೆ ಬರುವುದು. ಇನ್ನೂ ಹುಟ್ಟದಿದ್ದ ಕೂಸುಗಳು ಸಹ ಪಾಲಾಗಿ ಹೋಗುತ್ತಿದ್ದುವು. ಜಮೀನು ಬಹುಮಟ್ಟಿಗೆ ಗಂಡುಮಕ್ಕಳಿಗೆ ಹೋಗುತ್ತಿದ್ದು, ಹೆಣ್ಣುಮಕ್ಕಳ ಪಾಲಿಗೆ ಗುಲಾಮರು ಬರುತ್ತಿದ್ದುದು ಹೆಚ್ಚು. ತಂದೆಯು ಪ್ರೀತಿಯಿಂದ ಒಬ್ಬ ಮಗಳಿಗೆ ಕೊಟ್ಟ ಉಡುಗೊರೆಯು, ಮತ್ತೊಬ್ಬ ತಾಯಿಯ ಮಡಿಲಿನಿಂದ ತೆಗೆದ ಹುಡುಗಿಯಾಗಿರುತ್ತಿದ್ದುದುಂಟು. ಮದುವೆಯಾಗಿ ದೂರ ದೇಶಕ್ಕೆ ಹೋದ ಮಗಳ ಜಾಡು ತಪ್ಪಿಹೋದಲ್ಲಿ, ಅವಳೊಡನೆ ಹೋದ ಆ ಹುಡುಗಿಯ ಹೆಸರಿನಿಂದಲೇ ಜಾಡು ಮರಳಿ ಸಿಕ್ಕುವುದೂ ಉಂಟು.

ಇನ್ನು ದಂಡಿನ ದಾಖಲೆಗಳ ವಿಚಾರ. 1800ರ ನವೆಂಬರಿನಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ತಗಲಿ ಹಳೆಯ ಕಾಗದಗಳು ಸುಟ್ಟುಹೋದುವು. ಆದಕಾರಣ ಬೇರೆ ಕಡೆಗಳಲ್ಲಿ ಉಳಿದ ಹಾಜರಿಪಟ್ಟಿ ಸಂಬಳಪಟ್ಟಿಗಳಿಗಿಂತಲೂ ವಿಶೇಷವಾಗಿ ಉಪಯೋಗಕ್ಕೆ ಬರುವುವು ಪಿಂಚಣಿಯ ಅರ್ಜಿಗಳೇ. 1818ರ ಶಾಸನದಿಂದ ಬಡವರಾದ ಹಳೆಯ ಸಿಪಾಯಿಗಳಿಗೆ ಪಿಂಚಣಿ ದೊರೆಯಿತು. 1820ರಿಂದ ಅವರು ತಮ್ಮ ಆಸ್ತಿಯ ಪಟ್ಟಿಯನ್ನೂ ಒಪ್ಪಿಸಬೇಕಾಯಿತು. 1832ರ ಶಾಸನವು ಬಡತನದ ನಿಬಂಧನೆಯನ್ನು ತೆಗೆದು, ಊರಪಡೆಯಲ್ಲಿ ಸೇವೆ ಮಾಡಿದವರನ್ನೂ ಸೇರಿಸಿಕೊಂಡಿತು. ಮುದುಕರು ನ್ಯಾಯಾಧಿಪತಿಯ ಮುಂದೆ ಆಣೆಯಿಟ್ಟು, ಎಲ್ಲಿ ಹುಟ್ಟಿದೆ, ಯಾರ ಕೈಕೆಳಗೆ ಕಾದಾಡಿದೆ, ತಾನಾಗಿ ಸೇರಿದೆನೋ ಬದಲಾಳಾಗಿ ಹೋದೆನೋ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿ ಬರೆಸಿದರು. 1836ರಿಂದ ವಿಧವೆಯರೂ ಅರ್ಜಿ ಹಾಕತೊಡಗಿದರು. ಮದುವೆಯಾದ ದಿನವನ್ನು ಸ್ಥಾಪಿಸಲು ಬೇರೆ ಸಾಧನವಿಲ್ಲದೆ, ಹುಟ್ಟು ಮದುವೆ ಸಾವುಗಳನ್ನು ಬರೆದಿಡುತ್ತಿದ್ದ ಮನೆಯ ಸತ್ಯವೇದದ ಹಾಳೆಯನ್ನೇ ಕಿತ್ತು ಕಳುಹಿಸಿದ ಸ್ತ್ರೀಯರು ಅನೇಕರು. ಆ ಹಾಳೆಗಳು ವಾಷಿಂಗ್ಟನ್ ನಗರದ ರಾಷ್ಟ್ರೀಯ ದಫ್ತರಖಾನೆಯಲ್ಲಿ ಸುಮಾರು 80 ಸಾವಿರ ಕಡತಗಳ ನಡುವೆ ಇಂದಿಗೂ ಇವೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಒಂದೇ ಹೆಸರಿನವರು ಒಂದೇ ಕೌಂಟಿಯಲ್ಲಿ ಮೂವರಿರಬಹುದು. ಹೆಸರಿನ ಮುಂದೆ ಹಿರಿಯ ಕಿರಿಯ ಎಂದಿದ್ದ ಮಾತ್ರಕ್ಕೆ ಅವರು ತಂದೆಮಕ್ಕಳೆಂದು ಭಾವಿಸಬಾರದು. ಅವರು ಚಿಕ್ಕಪ್ಪ ಮತ್ತು ಅಣ್ಣನ ಮಗನಾಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ಪಿಂಚಣಿಯ ಅರ್ಜಿಯಲ್ಲಿರುವ ಹೆಂಡತಿಯ ಹೆಸರು, ಊರು, ನೆರೆಯವರು, ರುಜು, ಇವು ಮರಣಶಾಸನದೊಡನೆ ಹೊಂದಿಕೊಂಡಲ್ಲದೆ ಇಬ್ಬರೂ ಒಬ್ಬನೇ ಎಂದು ನಿರ್ಣಯಿಸಕೂಡದು.

ಮರಣಶಾಸನದಲ್ಲಿ ದಾಸ್ಯವೂ ದಂಡಿನ ಪಟ್ಟಿಯಲ್ಲಿ ಕೀರ್ತಿಯೂ ಇರುವುವೆಂದು ಎರಡನ್ನೂ ಬೇರ್ಪಡಿಸಿ ಸಮಾಧಾನಪಡುವವರುಂಟು. ದಾಖಲೆಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. 1780ರಲ್ಲಿ ವರ್ಜೀನಿಯದ ಶಾಸನಸಭೆಯು, ಯುದ್ಧವು ಮುಗಿಯುವ ವರೆಗೂ ದಂಡಿನಲ್ಲಿರಲೊಪ್ಪಿದ ಸಿಪಾಯಿಗೆ 300 ಎಕರೆ ಭೂಮಿಯನ್ನೂ, ಹತ್ತರಿಂದ ಮೂವತ್ತು ವರುಷದೊಳಗಿನ ಆರೋಗ್ಯವಂತನಾದ ಒಬ್ಬ ಗುಲಾಮನನ್ನು ಅಥವಾ 60 ಪೌಂಡು ಬೆಳ್ಳಿಬಂಗಾರದ ಹಣವನ್ನೂ ಇನಾಮು ಕೊಡುವುದಾಗಿ ಕಾನೂನು ಮಾಡಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುವವನಿಗೆ ಮತ್ತೊಬ್ಬನ ಸ್ವಾತಂತ್ರ್ಯವೇ ಬಹುಮಾನ! ಕೆಲವರು ಯಜಮಾನರು ತಮ್ಮ ಸರದಿಗೆ ತಮ್ಮ ಗುಲಾಮರನ್ನು ಬದಲಾಳಾಗಿ ಕಳುಹಿಸಿ, ಯುದ್ಧವು ತೀರಿದ ಮೇಲೆ ಅವರನ್ನು ಮತ್ತೆ ದಾಸ್ಯಕ್ಕೆ ಎಳೆಯಲೆತ್ನಿಸಿದರು; ಇದನ್ನು ತಡೆಯಲು 1783ರಲ್ಲಿ ಅದೇ ಶಾಸನಸಭೆಯು ಅಂಥವರ ಬಿಡುಗಡೆಗಾಗಿ ಕಾನೂನು ಮಾಡಬೇಕಾಯಿತು. ವಾಷಿಂಗ್ಟನ್ನನ ಜೊತೆಯಲ್ಲಿ ಯುದ್ಧಕಾಲವೆಲ್ಲ ಇದ್ದ ವಿಲಿಯಂ ಲೀ ಎಂಬ ಗುಲಾಮನ ಸೇವೆಗೆ ಆ ಮರಣಶಾಸನವೇ ಸಾಕ್ಷಿ. ಅವನೊಬ್ಬನಿಗೆ ಒಡನೆಯೇ ಬಿಡುಗಡೆಯೂ ಜೀವಮಾನವೆಲ್ಲ ವರುಷಕ್ಕೆ 30 ಡಾಲರೂ ದೊರೆಯಬೇಕೆಂದು ಅದರಲ್ಲಿ ಬರೆದಿದೆ.

ಎದುರುಪಕ್ಷದ ದಂಡಿನ ದಾಖಲೆಗಳನ್ನೂ ಮರೆಯಬಾರದು. ವರ್ಜೀನಿಯದ ಬ್ರಿಟಿಷ್ ಗವರ್ನರನಾದ ಡನ್‌ಮೋರನು, ದಂಗೆಯೆದ್ದವರ ಗುಲಾಮರಲ್ಲಿ ಆಯುಧ ಹಿಡಿಯಬಲ್ಲವರು ತನ್ನ ಕಡೆಗೆ ಬಂದರೆ ಸ್ವತಂತ್ರರೆಂದು 1775ರ ನವೆಂಬರಿನಲ್ಲಿ ಸಾರಿದನು. 1783ರಲ್ಲಿ ಬ್ರಿಟಿಷರು ನ್ಯೂಯಾರ್ಕನ್ನು ಬಿಟ್ಟು ಹೊರಡುವಾಗ, ತಮ್ಮೊಡನೆ ಹಡಗು ಹತ್ತಿದ ಸುಮಾರು 3000 ಕರಿಯ ಜನರ ಪಟ್ಟಿಯನ್ನು ಬರೆಯಿಸಿದರು. ‘ನೀಗ್ರೋಗಳ ಪುಸ್ತಕ’ವೆಂದು ಹೆಸರಾದ ಅದರಲ್ಲಿ ಹೆಸರು, ವಯಸ್ಸು, ಮೈಕಟ್ಟು, ಹಡಗು, ಹಿಂದಿನ ಯಜಮಾನ, ಬಿಟ್ಟುಬಂದ ಕಾಲ ಎಲ್ಲವೂ ಉಂಟು. ಹ್ಯಾರಿ ವಾಷಿಂಗ್ಟನ್ ಎಂಬ 43 ವರುಷದವನು ಜನರಲ್ ವಾಷಿಂಗ್ಟನ್ನನನ್ನು ಬಿಟ್ಟು ಏಳು ವರುಷವಾಯಿತೆಂದು ಅಲ್ಲಿ ಬರೆದಿದೆ. ಅವನು ನೋವಾ ಸ್ಕೋಷಿಯಕ್ಕೆ ಹೋಗಿ, 1792ರಲ್ಲಿ ಆಫ್ರಿಕದ ಸಿಯೆರಾ ಲಿಯೋನಿನಲ್ಲಿ ನೆಲೆಸಿದನು. 20 ವರುಷದ ಡೆಬೋರಳೆಂಬವಳೂ ಅದೇ ಯಜಮಾನನ ಮನೆಯಿಂದ ತಪ್ಪಿಸಿಕೊಂಡು ಬಂದವಳೇ. ಪೂರ್ವಜನ ಮರಣಶಾಸನದಲ್ಲಿ ಇರಬೇಕಾಗಿದ್ದ ಹೆಸರು ಇಲ್ಲದಿದ್ದರೆ, ಅದು ಈ ಪುಸ್ತಕದಲ್ಲಿ ಸ್ವತಂತ್ರವಾಗಿ ನಿಂತಿರಬಹುದು.

ಇಷ್ಟೆಲ್ಲ ಹೆಸರುಗಳನ್ನು ಆರಿಸಿ ತೆಗೆಯುವುದರಿಂದ ಪ್ರಯೋಜನವೇನೆಂದು ಕೇಳಬಹುದು. ಯಜಮಾನನ ಸಂತತಿಯವರು 1850ಕ್ಕಿಂತಲೂ ಹಿಂದಕ್ಕೆ ಹತ್ತಾರು ದಾರಿಗಳಿಂದ ಹೋಗಬಲ್ಲರು. ಗುಲಾಮರ ಸಂತತಿಯವರಿಗೆ ಹಾಗಲ್ಲ. 1850 ಮತ್ತು 1860ರಲ್ಲಿ ಗುಲಾಮರಿಗಾಗಿ ಮಾಡಿದ ಪ್ರತ್ಯೇಕ ಪಟ್ಟಿಗಳಲ್ಲಿ ಯಜಮಾನನ ಹೆಸರಿನ ಕೆಳಗೆ ವಯಸ್ಸು, ಹೆಣ್ಣು ಗಂಡು, ಬಣ್ಣ ಎಂಬಿಷ್ಟೇ ಇದ್ದು, ಹೆಸರು ಸಾಮಾನ್ಯವಾಗಿ ಇಲ್ಲ. 1865ರಲ್ಲಿ ದಾಸ್ಯವು ದೇಶದಲ್ಲೆಲ್ಲ ನಿಷಿದ್ಧವಾದ ತರುವಾಯ, 1870ರ ಖಾನೇಷುಮಾರಿಯಲ್ಲಿ ಆ ಜನರು ಮೊದಲನೆಯ ಸಲ ಹೆಸರುಳ್ಳವರಾದರು. ಅದರ ಹಿಂದೆ ಹುಡುಕುವವರಿಗೆ ಅದು ಗೋಡೆಯಂತೆ ಅಡ್ಡವಾಗುವುದು. ಆ ಗೋಡೆಗೆ ಇರುವ ಬಾಗಿಲುಗಳಲ್ಲಿ ಮುಖ್ಯವಾದುದು ಯಜಮಾನನ ಮರಣಶಾಸನವೂ ಆಸ್ತಿಪಟ್ಟಿಯೂ ಆಗಿದೆ. ಅದರ ಬೀಗದ ಕೈ ಎಷ್ಟೋ ವೇಳೆ ಯಜಮಾನನ ಮರಿಮಕ್ಕಳ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಬಿಡುಗಡೆಯಾದವರೆಲ್ಲರೂ ಕೊನೆಯ ಯಜಮಾನನ ಮನೆತನದ ಹೆಸರನ್ನೇ ಇಟ್ಟುಕೊಳ್ಳಲಿಲ್ಲವಾದುದರಿಂದ, ಈ ಕಾಗದಗಳು ಇನ್ನೂ ಅಗತ್ಯವಾಗಿವೆ.

ಆದುದರಿಂದ ಇಂಥ ಪೂರ್ವಜನನ್ನು ಕಂಡುಹಿಡಿದವರು ತಮ್ಮ ವಂಶಾವಳಿಗೆ ಬೇಕಾದ ಸಾಲುಗಳನ್ನು ಮಾತ್ರ ನಕಲು ಮಾಡಿಕೊಂಡು ಪುಸ್ತಕವನ್ನು ಮುಚ್ಚತಕ್ಕದ್ದಲ್ಲ. ಹಾಳೆಯನ್ನು ಪೂರ್ತಿಯಾಗಿ ಓದಬೇಕು. ದಾಸ್ಯದಲ್ಲಿದ್ದ ಒಬ್ಬೊಬ್ಬರ ಹೆಸರನ್ನೂ, ವಯಸ್ಸನ್ನೂ, ತಾಯಿಮಕ್ಕಳ ಸಂಬಂಧವನ್ನೂ, ಯಾವ ವಾರಸುದಾರನ ಪಾಲಿಗೆ ಹೋದರೆಂಬುದನ್ನೂ, ಪತ್ರದ ವರುಷ ಮತ್ತು ಕೌಂಟಿಯೊಡನೆ ಬರೆದು, ಎಲ್ಲರಿಗೂ ದೊರೆಯುವಂತೆ ಗ್ರಂಥಾಲಯಗಳಿಗೆ ಒಪ್ಪಿಸಬೇಕು. ವರ್ಜೀನಿಯದ ಸರಕಾರಿ ಗ್ರಂಥಾಲಯವು ಇಂಥ ಹೆಸರುಗಳನ್ನು ಹಳೆಯ ನ್ಯಾಯಸ್ಥಾನದ ಕಾಗದಗಳಿಂದ ತೆಗೆದು ಅಂತರ್ಜಾಲದಲ್ಲಿ ಸರ್ವರಿಗೂ ಉಚಿತವಾಗಿ ಒದಗಿಸುತ್ತಿದೆ. ಅಜ್ಜನ ಶೌರ್ಯವನ್ನು ನಾವು ಸಂಪಾದಿಸಲಿಲ್ಲ. ಅವನ ಪಾಪವನ್ನೂ ನಾವು ಮಾಡಲಿಲ್ಲ. ಆದರೆ ಅವನ ಕಡತವು ಇಂದು ನಮ್ಮ ಕೈಯಲ್ಲಿದ್ದರೆ, ಅದರಲ್ಲಿರುವ ಪರರ ಹೆಸರುಗಳನ್ನು ಅವರ ಮಕ್ಕಳಿಗೆ ಹಿಂದಿರುಗಿಸುವ ಭಾರವು ನಮ್ಮದೇ. ನಮ್ಮ ನಾಡಿನ ಹಳೆಯ ಮನೆಗಳ ಅಟ್ಟಗಳಲ್ಲಿಯೂ ಕಡತಗಳುಂಟು. ಜೀತದವರ ಹೆಸರುಗಳು ಅವುಗಳಲ್ಲಿಯೂ ಇದ್ದಾವು. ಓದುಬರಹ ಕಲಿತ ನಮ್ಮ ಸೋದರಿಯರು ಅವುಗಳನ್ನು ಗೆದ್ದಲಿಗೆ ಬಿಡದೆ, ಧೂಳು ಕೊಡವಿ, ಕೊನೆಯ ಸಾಲಿನ ವರೆಗೂ ಓದುವರೆಂದು ನಂಬುತ್ತೇವೆ.