ಹುಲ್ಲು ಕಪ್ಪಾಗಿಸಿದ ಮರಳು

ಅಮೆರಿಕದ ಮಿನೆಸೊಟಾ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದಿಂದ ವಾಯವ್ಯಕ್ಕೆ ಮಿಸಿಸಿಪ್ಪಿ ನದಿಯ ಪೂರ್ವ ದಡ ಹಿಡಿದು ಹೋದರೆ ಶೆರ್ಬರ್ನ್ ಕೌಂಟಿ ಸಿಗುತ್ತದೆ. ನೆಲ ಬಹುಪಾಲು ಸಪಾಟು. ಅಲ್ಲಿ ಗುಂಡಿ ತೋಡುವುದು ಸುಲಭ. ತೋಡಿದ ಗುಂಡಿಯ ಗೋಡೆ ಕುಸಿಯದಂತೆ ನೋಡಿಕೊಳ್ಳುವುದೇ ಕಷ್ಟ. ಮೇಲಿನ ಒಂದು ಮೊಳಕ್ಕೂ ಕಡಿಮೆ ಆಳದ ಮಣ್ಣು ಕಡುಗಪ್ಪು. ಅಷ್ಟನ್ನೇ ನೋಡಿದವರು ಇದು ಚಿನ್ನದಂಥ ಭೂಮಿ ಎಂದುಬಿಡುತ್ತಾರೆ. ಅದರ ಕೆಳಗೆ ಬಣ್ಣ ತಿಳಿಯಾಗುತ್ತ ಕಂದಾಗುತ್ತದೆ. ಮುಕ್ಕಾಲು ಮೀಟರ್ ದಾಟುವಷ್ಟರಲ್ಲಿ ಹಳದಿಗಂದು ಬಣ್ಣದ ಒರಟು ಮರಳು, ನಡುನಡುವೆ ಉರುಟಾದ ಸಣ್ಣ ಕಲ್ಲು. ಮುಂದೆ ಅಗೆದಷ್ಟೂ ಮರಳೇ. ಮೇಲಿನ ಕಪ್ಪು ಮಣ್ಣನ್ನು ಒದ್ದೆ ಮಾಡಿ ಉಂಡೆ ಕಟ್ಟಲು ನೋಡಿದರೆ ಅದೂ ಬೆರಳ ಸಂದಿಯಿಂದ ಉದುರಿಹೋಗುತ್ತದೆ, ಅಂಗೈಗೆ ಒಂದಿಷ್ಟು ಮಸಿ ಬಳಿದು. ಅಂದರೆ ಮೇಲಿರುವುದೂ ಮರಳೇ, ಬಣ್ಣ ಮಾತ್ರ ಬೇರೆ.

ಅಮೆರಿಕದ ಮಣ್ಣು ಸಮೀಕ್ಷೆಯವರು ಈ ಮಣ್ಣನ್ನು ‘ಹಬ್ಬರ್ಡ್’ ಎಂದು ಕರೆಯುತ್ತಾರೆ. ಒಂದೇ ಬಗೆಯ ಮೂಲ, ಒಂದೇ ಬಗೆಯ ಪದರಗಳಿರುವ ಮಣ್ಣುಗಳನ್ನು ಒಂದು ‘ಸರಣಿ’ ಎಂದು ಗುರುತಿಸಿ, ಸಾಮಾನ್ಯವಾಗಿ ಯಾವುದಾದರೂ ಸ್ಥಳದ ಹೆಸರು ಕೊಡುವುದು ಅವರ ರೂಢಿ. ಅಲ್ಲಿ ಅಂಥ ಸರಣಿಗಳು 20 ಸಾವಿರಕ್ಕೂ ಹೆಚ್ಚಿವೆ. ಇದೇ ಪದ್ಧತಿಯನ್ನು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ನಮ್ಮ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯೂ ಅನುಸರಿಸುತ್ತದೆ. ಹಾಗಾಗಿಯೇ ನೆಲಮಂಗಲದ ಹತ್ತಿರದ ತ್ಯಾಮಗೊಂಡ್ಲು ಕೂಡ ಮಣ್ಣು ವಿಜ್ಞಾನಿಗಳಿಗೆ ಒಂದು ಊರಷ್ಟೇ ಅಲ್ಲ, ಒಂದು ಕೆಂಪು ಮಣ್ಣಿನ ಸರಣಿ.

ಹಬ್ಬರ್ಡ್ ಎಂಬುದು ಮನೆಯಲ್ಲಿ ಕರೆಯುವ ಹೆಸರು. ದಾಖಲೆಯಲ್ಲಿರುವ ಹೆಸರು ಇನ್ನೂ ಉದ್ದ: ‘ಸ್ಯಾಂಡಿ, ಮಿಕ್ಸ್ಡ್, ಫ್ರಿಜಿಡ್ ಎಂಟಿಕ್ ಹ್ಯಾಪ್ಲುಡಾಲ್ಸ್’. ಬಾಯಿಗೆ ಬಾರದ ಈ ಹೆಸರಿನೊಳಗೆ ಒಂದು ವಿರೋಧಾಭಾಸ ಕೂತಿದೆ. ಹೆಸರಿನ ಕೊನೆ ಈ ಮಣ್ಣನ್ನು ಜಗತ್ತಿನ ಅತಿ ಫಲವತ್ತಾದ ಮಣ್ಣುಗಳ ಕುಲಕ್ಕೆ ಸೇರಿಸುತ್ತದೆ. ಆದರೆ ನಡುವಿನ ‘ಎಂಟಿಕ್’ ಎಂಬ ಶಬ್ದ, ಇದು ಇನ್ನೂ ಪೂರ್ತಿ ಮಣ್ಣಾಗಿಯೇ ಇಲ್ಲ ಎಂದು ತಕರಾರು ತೆಗೆಯುತ್ತದೆ. ಎರಡೂ ನಿಜ. ಯಾಕೆಂದು ತಿಳಿಯಬೇಕಾದರೆ ಮರಳು ಅಲ್ಲಿಗೆ ಬಂದದ್ದು ಹೇಗೆಂಬಲ್ಲಿಂದ ಶುರುಮಾಡಬೇಕು.

ಕಳೆದ ಹಿಮಯುಗದ ಕೊನೆಗಾಲದಲ್ಲಿ ಮಿನೆಸೊಟಾದ ಬಹುಭಾಗ ಹಿಮನದಿಯ ಕೆಳಗಿತ್ತು. ಹಿಮನದಿ ಚಲಿಸುವಾಗ ಅಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಅರೆಯುತ್ತದೆ. ಬಂಡೆ, ಗರಸು, ಮರಳು, ಜೇಡಿ ಯಾವುದಕ್ಕೂ ಅಲ್ಲಿ ಭೇದವಿಲ್ಲ. ಹಿಮ ಕರಗಿ ಈ ಸರಕನ್ನು ಇದ್ದಲ್ಲೇ ಕೆಡವಿದರೆ ಎಲ್ಲ ಕಲಸುಮೇಲೋಗರವಾಗಿರುವ ಮಣ್ಣು ಸಿಗುತ್ತದೆ. ಆದರೆ ಸುಮಾರು 12ರಿಂದ 14 ಸಾವಿರ ವರ್ಷಗಳ ಹಿಂದೆ ಹಿಮದ ಅಂಚು ಹಿಂದೆ ಸರಿಯತೊಡಗಿದಾಗ, ಅದರ ಬುಡದಿಂದ ಹೊರಟ ಕರಗುನೀರು ಇಲ್ಲಿ ಬೇರೆಯೇ ಕೆಲಸ ಮಾಡಿತು. ಮೊರದಲ್ಲಿ ಕೇರಿದ ಹಾಗೆ ಗಾತ್ರ ನೋಡಿ ಬೇರ್ಪಡಿಸಿತು. ರಭಸವಾಗಿದ್ದಲ್ಲಿ ಗರಸನ್ನು ಮಾತ್ರ ಬಿಟ್ಟಿತು, ಓಟ ತಗ್ಗಿದಲ್ಲಿ ಮರಳನ್ನು ಹರಡಿತು, ನವಿರಾದ ಹೂಳನ್ನೂ ಜೇಡಿಯನ್ನೂ ಹೊತ್ತುಕೊಂಡು ಎತ್ತಲೋ ಹೋಯಿತು. ಹೀಗೆ ಕರಗುನೀರು ಹರಡಿದ ಬಯಲಿಗೆ ಭೂವಿಜ್ಞಾನಿಗಳು ‘ಔಟ್‌ವಾಶ್’ ಬಯಲು ಎನ್ನುತ್ತಾರೆ. ಶೆರ್ಬರ್ನ್, ಅನೋಕಾ, ಐಸಾಂಟಿ ಕೌಂಟಿಗಳಲ್ಲಿ ಹಬ್ಬಿರುವ ‘ಅನೋಕಾ ಮರಳುಬಯಲು’ ಅಂಥದ್ದು.

ಹಂಚಿಕೆಯಲ್ಲಿ ಪಕ್ಷಪಾತವಂತೂ ಆಗಿದೆ. ಹಿಮಯುಗದ ನದಿಬಯಲುಗಳಿಂದ ಗಾಳಿ ಎತ್ತಿಕೊಂಡು ಹೋದ ನವಿರು ಹೂಳು ದಕ್ಷಿಣದ ಅಯೋವಾದಂಥ ರಾಜ್ಯಗಳಲ್ಲಿ ಮೀಟರುಗಟ್ಟಲೆ ಬಿದ್ದು, ಮೆಕ್ಕೆಜೋಳದ ಸಾಮ್ರಾಜ್ಯಕ್ಕೆ ಬುನಾದಿಯಾಯಿತು. ಒರಟು ಮರಳು ಹಬ್ಬರ್ಡ್‌ನಂಥವುಗಳ ಪಾಲಿಗೆ ಬಂತು.

ಮರಳಿನ ಕಷ್ಟ ನೀರಿನದು. ಕಣಗಳ ನಡುವಿನ ಸಂದುಗಳು ದೊಡ್ಡವು; ಮಳೆ ನೀರು ಬಿದ್ದ ಹಾಗೆಯೇ ಇಳಿದುಹೋಗುತ್ತದೆ. ಇಂಥ ಮಣ್ಣು ಗಂಟೆಗೆ 15 ಸೆಂಟಿಮೀಟರಿಗೂ ಹೆಚ್ಚು ನೀರನ್ನು ಕೆಳಗೆ ಬಿಡಬಲ್ಲದು. ಆ ಭಾಗಕ್ಕೆ ವರ್ಷಕ್ಕೆ ಸುಮಾರು 700-750 ಮಿಲಿಮೀಟರ್ ಮಳೆ, ಹಿಮ ಸೇರಿ ಬೀಳುತ್ತದೆ. ಕಡಿಮೆಯೇನಲ್ಲ. ಆದರೆ ಬೀಳುವುದಕ್ಕೂ ಉಳಿಯುವುದಕ್ಕೂ ವ್ಯತ್ಯಾಸವಿದೆ. ಒಳ್ಳೆಯ ಹೂಳುಗೋಡು ಮಣ್ಣು ಒಂದು ಮೀಟರ್ ಆಳದಲ್ಲಿ ಗಿಡಕ್ಕೆ ದಕ್ಕುವಂಥ ನೀರನ್ನು 20 ಸೆಂಟಿಮೀಟರಿನಷ್ಟು ಹಿಡಿದಿಟ್ಟುಕೊಂಡರೆ, ಇಲ್ಲಿನ ಮರಳು ಅದರ ಅರ್ಧಕ್ಕೂ ತಲುಪುವುದಿಲ್ಲ. ನಡುಬೇಸಿಗೆಯಲ್ಲಿ ವಾರ-ಹತ್ತು ದಿನ ಮಳೆ ತಡೆದರೆ ಬೆಳೆ ಸೊರಗುತ್ತದೆ. ತಮಾಷೆಯೆಂದರೆ ‘ಹ್ಯಾಪ್ಲುಡಾಲ್’ನಲ್ಲಿರುವ ‘ಉಡ್’ ಎಂಬ ತುಣುಕು ಇದನ್ನು ತೇವದ ಹವೆಯ ಮಣ್ಣು ಎಂದು ಸಾರುತ್ತದೆ. ವರ್ಷದಲ್ಲಿ ಒಟ್ಟು 90 ದಿನ ಒಣಗಿರದಿದ್ದರೆ ಆ ಪಟ್ಟ. ಇಡೀ ವರ್ಷದ ಲೆಕ್ಕ ಅದು, ನಡುಬೇಸಿಗೆಯ ಬೆಳೆಯ ಲೆಕ್ಕವಲ್ಲ.

ಈ ಬಡ ಮರಳಿಗೆ ಕಪ್ಪು ಬಂದದ್ದು ಹುಲ್ಲಿನಿಂದ. ಹಿಮ ಸರಿದು ಹವೆ ಬೆಚ್ಚಗಾದ ಮೇಲೆ ಬಯಲಿನಲ್ಲಿ ಪ್ರೇರಿ ಹುಲ್ಲುಗಳು ನೆಲೆಯೂರಿದವು. ಆಳೆತ್ತರದ ಬಿಗ್ ಬ್ಲೂಸ್ಟೆಮ್, ಮೊಣಕಾಲೆತ್ತರದ ಲಿಟಲ್ ಬ್ಲೂಸ್ಟೆಮ್, ಅಲ್ಲಲ್ಲಿ ಓಕ್ ಮರ. ಸಿಡಿಲಿನಿಂದ ಹೊತ್ತಿದ ಬೆಂಕಿಯೂ ಡಕೋಟಾ ಜನ ಹಚ್ಚುತ್ತಿದ್ದ ಬೆಂಕಿಯೂ ಕಾಡು ಒತ್ತರಿಸಿ ಬರದಂತೆ ತಡೆದವು. ಕಾಡಿಗೂ ಹುಲ್ಲುಗಾವಲಿಗೂ ಮಣ್ಣಿನ ಮಟ್ಟಿಗೆ ಇರುವ ದೊಡ್ಡ ವ್ಯತ್ಯಾಸ ಇದು: ಮರ ತನ್ನ ಸಂಪತ್ತಿನ ಬಹುಭಾಗವನ್ನು ಎಲೆಯಾಗಿ ನೆಲದ ಮೇಲೆ ಉದುರಿಸುತ್ತದೆ, ಹುಲ್ಲು ಬೇರಾಗಿ ನೆಲದ ಒಳಗೇ ಇಡುತ್ತದೆ. ಬ್ಲೂಸ್ಟೆಮ್‌ನ ಬೇರು ಎರಡು ಮೀಟರಿಗೂ ಆಳ ಹೋದರೂ ದಟ್ಟವಾದ ಜಾಲ ಇರುವುದು ಮೇಲಿನ ಒಂದೆರಡು ಗೇಣಿನಲ್ಲಿ. ವರ್ಷ ವರ್ಷವೂ ಅದರಲ್ಲೊಂದು ಪಾಲು ಸಾಯುತ್ತದೆ, ಸೂಕ್ಷ್ಮಜೀವಿಗಳ ಬಾಯಿಗೆ ಬೀಳುತ್ತದೆ, ಉಳಿದ ಶೇಷ ಹ್ಯೂಮಸ್ ಆಗಿ ಮರಳಿನ ಕಣಗಳಿಗೆ ಅಂಟುತ್ತದೆ. ಬೇರುಗಳು ಆಳದಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಎತ್ತಿ ತಂದು ಮೇಲ್ಪದರಕ್ಕೆ ಸೇರಿಸುವುದರಿಂದ ಮಣ್ಣು ತೀರಾ ಹುಳಿಯಾಗುವುದೂ ತಪ್ಪುತ್ತದೆ.

ಮರಳಿನಲ್ಲಿ ಈ ಕೆಲಸ ಸೋರುವ ಬಿಂದಿಗೆಗೆ ನೀರು ತುಂಬಿದ ಹಾಗಲ್ಲದೆ ಮತ್ತೇನು ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ನಿಜವೇ. ಹ್ಯೂಮಸ್ಸನ್ನು ಸೂಕ್ಷ್ಮಜೀವಿಗಳಿಂದ ಬಚ್ಚಿಟ್ಟುಕೊಳ್ಳುವುದು ಜೇಡಿ. ಇಲ್ಲಿ ಜೇಡಿ ಇಲ್ಲವೆನ್ನುವಷ್ಟು ಕಡಿಮೆ, ಗಾಳಿಯಾಟ ಜಾಸ್ತಿ, ಆದ್ದರಿಂದ ಕೂಡಿಟ್ಟದ್ದು ಬೇಗ ಕರಗುತ್ತದೆ. ಸಾಲದ್ದಕ್ಕೆ ಕೆನ್ನೆಯಲ್ಲಿ ಚೀಲವಿರುವ ಗೋಫರ್ ಎಂಬ ಬಿಲವಾಸಿ ದಂಶಕ ತಳದ ಹಳದಿ ಮರಳನ್ನು ಗುಡ್ಡೆಗುಡ್ಡೆಯಾಗಿ ಮೇಲಕ್ಕೆ ಎಸೆಯುತ್ತಲೇ ಇರುತ್ತದೆ. ಇಷ್ಟಾದರೂ ಸಾವಿರಾರು ವರ್ಷಗಳಲ್ಲಿ 25ರಿಂದ 50 ಸೆಂಟಿಮೀಟರಿನ ಕಪ್ಪು ಪದರ ಕಟ್ಟಿತು.

ಆ 25 ಎಂಬ ಅಂಕಿಯಲ್ಲೇ ಈ ಮಣ್ಣಿನ ಮರ್ಯಾದೆ ಇದೆ. ಅಮೆರಿಕದ ಮಣ್ಣು ವರ್ಗೀಕರಣವನ್ನು ಗೈ ಸ್ಮಿತ್ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ ರೂಪಿಸಿ 1975ರಲ್ಲಿ ಪೂರ್ಣ ಗ್ರಂಥವಾಗಿ ಪ್ರಕಟಿಸಿದರು. ಇಂದು ಅದರಲ್ಲಿ 12 ಗಣಗಳಿವೆ. ಹುಲ್ಲುಗಾವಲಿನ ಕರಿಮಣ್ಣುಗಳ ಗಣ ‘ಮಾಲಿಸಾಲ್’; ‘ಹ್ಯಾಪ್ಲುಡಾಲ್ಸ್’ನ ಕೊನೆ ಸೂಚಿಸುವುದು ಇದನ್ನೇ. ಉಕ್ರೇನಿನ ಪ್ರಸಿದ್ಧ ಚೆರ್ನೋಜೆಮ್, ಅಯೋವಾದ ಮೆಕ್ಕೆಜೋಳದ ಹೊಲ ಎಲ್ಲ ಇದರೊಳಗೇ. ಪ್ರವೇಶಕ್ಕೆ ಷರತ್ತುಗಳಿವೆ: ಮೇಲ್ಪದರ ಒದ್ದೆಯಾಗಿದ್ದಾಗ ಮಣ್ಣಿನ ಬಣ್ಣ ಹೋಲಿಸಿ ನೋಡುವ ಮನ್ಸೆಲ್ ಪುಸ್ತಕದ ನಿಗದಿತ ಮಟ್ಟದಷ್ಟು ಕಪ್ಪಿರಬೇಕು, ಸಾವಯವ ಇಂಗಾಲ ಕನಿಷ್ಠ ಶೇ. 0.6 ಇರಬೇಕು, ಮಣ್ಣಿನ ಕಣಗಳು ಹಿಡಿದಿಟ್ಟ ಧನ ಅಯಾನುಗಳಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಪಾಲು ಕ್ಯಾಲ್ಸಿಯಂ-ಮೆಗ್ನೀಸಿಯಂ ಜಾತಿಯದಾಗಿರಬೇಕು. ಪದರದ ದಪ್ಪದ ವಿಷಯದಲ್ಲಿ ಬೇರೆ ಮಣ್ಣುಗಳಿಗೆ ಕೆಲವು ರಿಯಾಯಿತಿಗಳಿವೆ; ಮರಳಿಗೆ ಇಲ್ಲ. 25 ಸೆಂಟಿಮೀಟರ್ ಇರಲೇಬೇಕು.

ಕನ್ನಡ ಓದುಗರು ಇಲ್ಲಿ ಒಂದು ಗೊಂದಲ ಮಾಡಿಕೊಳ್ಳಬಾರದು. ಧಾರವಾಡ, ಗದಗ, ವಿಜಯಪುರದ ನಮ್ಮ ಎರೆಮಣ್ಣು ಇದಕ್ಕಿಂತ ಕಪ್ಪಾಗಿ ಕಂಡರೂ ಮಾಲಿಸಾಲ್ ಅಲ್ಲ. ಅದು ‘ವರ್ಟಿಸಾಲ್’. ಅದರ ಗುಣವೆಲ್ಲ ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಜೇಡಿಯಲ್ಲಿದೆ. ಸಾವಯವ ಇಂಗಾಲ ಎಷ್ಟೋ ಕಡೆ ಶೇ. 1ಕ್ಕೂ ಕಡಿಮೆ. ಭಾರತದಲ್ಲಿ ನಿಜವಾದ ಮಾಲಿಸಾಲ್ ಅಪರೂಪ, ಮುಖ್ಯವಾಗಿ ಹಿಮಾಲಯದ ಬುಡದ ತೆರಾಯಿ ಪಟ್ಟಿಯಲ್ಲಿ ಕಾಣುತ್ತದೆ. ಹಬ್ಬರ್ಡ್‌ನಲ್ಲಿ ಜೇಡಿ ಹೆಸರಿಗಷ್ಟೇ. ಎರೆಹೊಲ ಮಳೆಗೆ ಕಾಲಿಗಂಟಿ ಚಪ್ಪಲಿ ಕಿತ್ತುಕೊಳ್ಳುತ್ತದೆ, ಹಬ್ಬರ್ಡ್ ಹೊಲದಲ್ಲಿ ಮಳೆ ನಿಂತ ಗಂಟೆಗೆಲ್ಲ ಟ್ರ್ಯಾಕ್ಟರ್ ಓಡಿಸಬಹುದು.

ಇನ್ನು ‘ಎಂಟಿಕ್’ ಎಂಬ ತಕರಾರು. ಮಣ್ಣಿಗೆ ವಯಸ್ಸಾದಂತೆ ಮೇಲ್ಪದರದ ಕೆಳಗೆ ಎರಡನೆಯ ಪದರವೊಂದು ರೂಪುಗೊಳ್ಳಬೇಕು. ಮೂಲ ಸರಕು ಬದಲಾಗಿದೆ ಎಂಬುದಕ್ಕೆ ಅದು ಪುರಾವೆ. ಹಬ್ಬರ್ಡ್‌ನಲ್ಲಿ ಕಪ್ಪಿನ ಕೆಳಗೆ ಕಂದು ಪದರ ಕಣ್ಣಿಗೆ ಕಾಣುವಂತೆಯೇ ಇದೆ. ಆದರೆ ನಿಯಮದ ಪ್ರಕಾರ ಈ ಒರಟಿನ ಮರಳಿನಲ್ಲಾದ ಬದಲಾವಣೆ ಲೆಕ್ಕಕ್ಕಿಲ್ಲ! ಕಣಗಳ ಮೇಲೆ ಕಬ್ಬಿಣದ ತೆಳು ಲೇಪ ಹತ್ತಿದರೂ ಸಾಕು, ಮರಳು ಬಣ್ಣ ತೋರಿಸಿಬಿಡುತ್ತದೆ. ಅಷ್ಟಕ್ಕೇ ಅದನ್ನು ಬೆಳೆದ ಮಣ್ಣೆಂದು ಒಪ್ಪಲಾಗದು ಎಂಬುದು ವರ್ಗೀಕರಣದ ವಾದ. ಹೀಗಾಗಿ ಎಷ್ಟೇ ಸಾವಿರ ವರ್ಷ ಕಳೆದರೂ ಹಬ್ಬರ್ಡ್ ಈ ಪರೀಕ್ಷೆಯಲ್ಲಿ ಪಾಸಾಗುವಂತಿಲ್ಲ. ಮಾಲಿಸಾಲ್‌ಗಳ ಪಂಕ್ತಿಯಲ್ಲಿ ಕೂರಿಸಿ, ‘ಇವನು ಎಂಟಿಸಾಲ್‌ಗಳ ಕಡೆಯವನು’ ಎಂದು ಎಲೆಯ ಪಕ್ಕ ಚೀಟಿ ಇಟ್ಟ ಹಾಗಾಯಿತು. ಎಂಟಿಸಾಲ್ ಎಂದರೆ ಮಣ್ಣಾಗುವ ಕೆಲಸ ಇನ್ನೂ ಅಷ್ಟಾಗಿ ನಡೆಯದ ಮಣ್ಣುಗಳ ಗಣ. ನನಗೆ ಈ ನಿಯಮ ತುಸು ಬಿಗಿಯೆನಿಸುತ್ತದೆ, ಆದರೆ ರೈತನಿಗೆ ತಿಳಿಯಬೇಕಾದ್ದನ್ನು ಅದು ಸರಿಯಾಗಿಯೇ ಹೇಳುತ್ತದೆ: ಕಪ್ಪಿನ ಕೆಳಗೆ ಆಸರೆಯಿಲ್ಲ.

ಹೆಸರಿನ ಉಳಿದ ಭಾಗ ಬೇಗ ಮುಗಿಯುತ್ತದೆ. ‘ಫ್ರಿಜಿಡ್’ ಎಂದರೆ ಅರ್ಧ ಮೀಟರ್ ಆಳದಲ್ಲಿ ಮಣ್ಣಿನ ವಾರ್ಷಿಕ ಸರಾಸರಿ ಉಷ್ಣತೆ 8 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ. ‘ಮಿಕ್ಸ್ಡ್’ ಎಂದರೆ ಈ ಮರಳು ಬರೀ ಬೆಣಚಲ್ಲ. ಹಿಮನದಿ ನಾನಾ ಬಂಡೆಗಳನ್ನು ಅರೆದದ್ದರಿಂದ ಫೆಲ್ಡ್‌ಸ್ಪಾರ್ ಮುಂತಾದ ಖನಿಜಗಳೂ ಇವೆ, ಅವು ನಿಧಾನಕ್ಕೆ ಸವೆದು ಪೋಷಕಾಂಶ ಬಿಡುತ್ತವೆ. ಇದೇ ಹೆಸರಿನ ‘ಫ್ರಿಜಿಡ್’ ತೆಗೆದು ‘ಮೆಸಿಕ್’ ಎಂದು ಹಾಕಿದರೆ ವಿಸ್ಕಾನ್ಸಿನ್, ಇಲಿನಾಯ್ ಕಡೆಯ ‘ಸ್ಪಾರ್ಟಾ’ ಮರಳುಮಣ್ಣು ಬರುತ್ತದೆ. ಅದೂ ಔಟ್‌ವಾಶ್ ಸಂತಾನವೇ, ವಾಸ ಮಾತ್ರ ಸ್ವಲ್ಪ ಬೆಚ್ಚಗಿನ ನಾಡಿನಲ್ಲಿ.

ನೇಗಿಲಿನಿಂದ ಏನಾಗುತ್ತದೆಂಬುದನ್ನೂ ನಿಯಮ ಮಾಡಿದವರು ಯೋಚಿಸಿದ್ದರು. ಮೇಲಿನ 18 ಸೆಂಟಿಮೀಟರನ್ನು ಕಲಸಿದ ಮೇಲೆಯೇ ಬಣ್ಣ, ಇಂಗಾಲ ನೋಡಬೇಕೆಂಬ ಕಟ್ಟಳೆಯಿದೆ, ಒಂದು ಸಲ ಉತ್ತ ಮಾತ್ರಕ್ಕೆ ಮಣ್ಣಿನ ಕುಲ ಕೆಡಬಾರದೆಂದು. ಆದರೆ ಗಾಳಿಗೆ ಅಂಥ ಕಟ್ಟಳೆ ಇಲ್ಲ. ಹುಲ್ಲು ಕಿತ್ತು ಉತ್ತ ಮರಳು 1930ರ ದಶಕದ ಬರದಲ್ಲಿ ಎದ್ದು ಹಾರಿತು. ಶೆರ್ಬರ್ನ್ ಕೌಂಟಿಯಲ್ಲಿ ಹಾರುವ ಮರಳನ್ನು ಹಿಡಿದು ನಿಲ್ಲಿಸಲು ಪೈನ್ ಗಿಡ ನೆಟ್ಟ ಜಾಗ ಈಗ ‘ಸ್ಯಾಂಡ್ ಡ್ಯೂನ್ಸ್’ ಸರಕಾರಿ ಅರಣ್ಯ. ಕಪ್ಪು ಪದರ 28 ಸೆಂಟಿಮೀಟರ್ ಇದ್ದ ಹೊಲದಲ್ಲಿ ನಾಲ್ಕು ಬೆರಳಷ್ಟು ಹಾರಿಹೋದರೆ ಅಲ್ಲಿನ ಮಣ್ಣು ಮಾಲಿಸಾಲ್ ಆಗಿ ಉಳಿಯುವುದಿಲ್ಲ. ‘ಉಡಿಪ್ಸಮೆಂಟ್’ ಎಂಬ ಬರೀ ಮರಳಿನ ಗುಂಪಿಗೆ, ಎಂಟಿಸಾಲ್ ಗಣಕ್ಕೆ, ಇಳಿಯುತ್ತದೆ.

ಕಳೆದುಕೊಂಡದ್ದನ್ನು ಮತ್ತೆ ಗಳಿಸಲು ಎಷ್ಟು ಕಾಲ ಬೇಕೆಂಬುದಕ್ಕೂ ಇದೇ ಮರಳುಬಯಲಿನಲ್ಲಿ ಉತ್ತರವಿದೆ. ಮಿನೆಸೊಟಾ ವಿಶ್ವವಿದ್ಯಾಲಯದ ‘ಸೀಡರ್ ಕ್ರೀಕ್’ ಸಂಶೋಧನಾ ಕ್ಷೇತ್ರ ಇರುವುದು ಇಲ್ಲೇ. ಪರಿಸರ ವಿಜ್ಞಾನಕ್ಕೆ ಆಹಾರ ಸರಪಳಿಯ ಶಕ್ತಿಲೆಕ್ಕ ಕಲಿಸಿದ ರೇಮಂಡ್ ಲಿಂಡೆಮನ್ ಅವರ 1942ರ ಪ್ರಬಂಧ ಹುಟ್ಟಿದ್ದು ಅಲ್ಲಿನ ಪುಟ್ಟ ಕೆರೆಯ ಅಧ್ಯಯನದಿಂದ. ಡೇವಿಡ್ ಟಿಲ್ಮನ್ ಅವರ ಜೀವವೈವಿಧ್ಯ ಪ್ರಯೋಗಗಳೂ ಅಲ್ಲಿಯವೇ. ಸಾರಜನಕಕ್ಕೆ ಹಸಿದ ಮರಳಾದ್ದರಿಂದ ಗೊಬ್ಬರದ ಚಿಟಿಕೆಯೂ ಹುಲ್ಲಿನ ಮೇಲೆ ಎದ್ದು ಕಾಣುತ್ತದೆ; ಪ್ರಯೋಗಕ್ಕೆ ಬಡತನವೇ ಅನುಕೂಲ. ಬೇಸಾಯ ಬಿಟ್ಟು ಬೇರೆಬೇರೆ ಅವಧಿಗೆ ಪಾಳುಬಿದ್ದ ಹೊಲಗಳನ್ನು ಹೋಲಿಸಿ ಜೊಹಾನೆಸ್ ನಾಪ್ಸ್ ಮತ್ತು ಟಿಲ್ಮನ್ 2000ದಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬೇಸಾಯ ನಿಲ್ಲಿಸುವ ಹೊತ್ತಿಗೆ ಮಣ್ಣು ತನ್ನ ಸಾರಜನಕದ ಶೇ. 75, ಇಂಗಾಲದ ಶೇ. 89 ಕಳೆದುಕೊಂಡಿತ್ತು. ಮೊದಲಿದ್ದುದರ ಶೇ. 95ರಷ್ಟಕ್ಕೆ ಮರಳಲು ಸಾರಜನಕಕ್ಕೆ 180 ವರ್ಷ, ಇಂಗಾಲಕ್ಕೆ 230 ವರ್ಷ ಬೇಕು.

ಅಷ್ಟು ಕಾಯುವವರು ಯಾರು? ನೀರಿನ ಕೊರತೆಗೆ ಯಂತ್ರ ಬಂತು. ಫ್ರಾಂಕ್ ಜೈಬಾಕ್ ಎಂಬ ರೈತ 1952ರಲ್ಲಿ ಪೇಟೆಂಟ್ ಪಡೆದ, ಹೊಲದ ನಡುವೆ ಗೂಟ ಹೊಡೆದಂತೆ ನಿಂತು ಉದ್ದನೆಯ ತೋಳಿನಿಂದ ವೃತ್ತಾಕಾರವಾಗಿ ನೀರು ಚಿಮುಕಿಸುವ ‘ಸೆಂಟರ್ ಪಿವಟ್’ ಈ ಮರಳುಬಯಲಿಗೆ ಹೇಳಿ ಮಾಡಿಸಿದ್ದು. ಶೆರ್ಬರ್ನ್ ಕೌಂಟಿಯ ಬೆಕರ್ ಊರಿನ ಸುತ್ತ ಈಗ ಆಲೂಗಡ್ಡೆ ಬೆಳೆಯುತ್ತಾರೆ. ಗೆಡ್ಡೆ ದುಂಡಗೆ ಬರುತ್ತದೆ, ಕೀಳುವಾಗ ಮಣ್ಣು ಅಂಟುವುದಿಲ್ಲ. ಆದರೆ ಆಲೂಗಡ್ಡೆಗೆ ಬೇರು ಕಡಿಮೆ, ಸಾರಜನಕದ ಹಸಿವು ಹೆಚ್ಚು. ಗಿಡ ತಿಂದುಳಿದ ನೈಟ್ರೇಟನ್ನು ಹಿಡಿದಿಡುವ ಶಕ್ತಿ ಮರಳಿಗೆ ಇಲ್ಲ. ಒಂದು ಜೋರು ಮಳೆ ಬಂದರೆ ಅದು ಬೇರಿನ ಕೈಗೆ ಸಿಗದಷ್ಟು ಕೆಳಗೆ, ಅಲ್ಲಿಂದ ಮುಂದೆ ಕುಡಿಯುವ ಬಾವಿಗೆ. ಅಮೆರಿಕದ ಮಿತಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್-ಸಾರಜನಕ. ನಮ್ಮ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹೇಳುವ 45 ಮಿಲಿಗ್ರಾಂ ನೈಟ್ರೇಟ್ ಹೆಚ್ಚೂಕಡಿಮೆ ಅದೇ ಪ್ರಮಾಣ, ಅಳೆಯುವ ಕ್ರಮ ಬೇರೆ ಅಷ್ಟೇ.

2019ರಲ್ಲಿ ಮಿನೆಸೊಟಾ ಸರಕಾರ ಅಂತರ್ಜಲ ರಕ್ಷಣೆಗೆ ಮಾಡಿದ ನಿಯಮ, ಒರಟು ಮರಳಿನಂಥ ಸೂಕ್ಷ್ಮ ಪ್ರದೇಶಗಳಲ್ಲಿ ಶರತ್ಕಾಲದಲ್ಲೂ ನೆಲ ಹೆಪ್ಪುಗಟ್ಟಿರುವಾಗಲೂ ಸಾರಜನಕ ಗೊಬ್ಬರ ಹಾಕುವುದನ್ನು ನಿರ್ಬಂಧಿಸುತ್ತದೆ. ಬೆಳೆ ನಿಂತಿರುವಾಗ ಗೊಬ್ಬರವನ್ನು ಒಂದೇ ಸಲಕ್ಕೆ ಸುರಿಯದೆ ಕಂತಿನಲ್ಲಿ, ಎಷ್ಟೋ ಸಲ ನೀರಿನ ಜೊತೆಗೇ ಬೆರೆಸಿ ಕೊಡುತ್ತಾರೆ. ಆಲೂಗಡ್ಡೆ ಕಿತ್ತ ಹೊಲಕ್ಕೆ ರೈ ಬೀಜ ಚೆಲ್ಲುವ ರೂಢಿಯೂ ಇದೆ. ಚಳಿ ತಡೆಯುವ ಹುಲ್ಲುಜಾತಿಯ ಈ ಧಾನ್ಯ ಉಳಿಕೆ ನೈಟ್ರೇಟನ್ನು ಹೀರಿಕೊಳ್ಳುತ್ತದೆ, ವಸಂತದ ಗಾಳಿಗೆ ಮರಳು ಏಳದಂತೆ ಹಿಡಿಯುತ್ತದೆ. ಗೆಡ್ಡೆ ಕೀಳುವುದು ತಡವಾದ ವರ್ಷ ಮಾತ್ರ, ನೆಲ ಗಟ್ಟಿಯಾಗುವ ಮುಂಚೆ ಅದು ಬೇರು ಬಿಡುವುದಕ್ಕೆ ದಿನಗಳು ಸಾಲುವುದಿಲ್ಲ.